ಬಂಡೆ ಗಂಗಹನುಮಯ್ಯನ ಬಾತ್ಮೀದಾರ

ಗವಿಸಿದ್ದಯ್ಯನ ಅಕ್ಷರ ದುಂಡಗಿತ್ತು. ಅವನು ಕೆಟ್ಟದ್ದೇ ಅದರಿಂದ. ಅಕ್ಷರ ಕೋಳಿ ಕೆದರಿದ ಹಾಗಿದ್ದಿದ್ದರೆ ತಂದೆಯಂತೆ ತಾನೂ ಚನ್ನಪಟ್ಟಣದ ಪೇಟೆಬೀದಿಯಲ್ಲಿ ಬೆಲ್ಲ ತೂಗಿಕೊಂಡು, ಹೊತ್ತಿಗೆ ಸರಿಯಾಗಿ ಉಂಡು ಮಲಗಿ, ಮಾನವಾಗಿ ಬದುಕುತ್ತಿದ್ದ. ಆದರೆ ಕೂಲಿಮಠದ ಅಯ್ಯನವರು "ಮುತ್ತು ಪೋಣಿಸಿದಂಗೆ ಬರೀತೀಯಲ್ಲೋ" ಎಂದು ಒಂದು ದಿನ ಹೊಗಳಿಬಿಟ್ಟರು. ಪಾಪ, ಆ ಅಯ್ಯನವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಮಾತು ಮಾತ್ರ ಗವಿಸಿದ್ದಯ್ಯನ ತಲೆಯಿಂದ ಇಳಿಯಲಿಲ್ಲ.

ಮೊದಲು ತಾಲ್ಲೂಕು ಕಚೇರಿಯ ಮುಂದೆ ಮರದಡಿ ಕುಳಿತು ಅರ್ಜಿ ಬರೆದ. ಆಮೇಲೆ ಬೆಂಗಳೂರಿನಿಂದ ವಾರಕ್ಕೊಮ್ಮೆ ಹೊರಡುತ್ತಿದ್ದ 'ಪ್ರಜಾದುಂದುಭಿ' ಪತ್ರಿಕೆಗೆ ಚನ್ನಪಟ್ಟಣದ ಬಾತ್ಮೀದಾರನಾದ. ಬಾತ್ಮೀದಾರನೆಂದರೆ ಊರಿನ ಸುದ್ದಿಯನ್ನು ಬರೆದು ರೈಲಿಗೆ ಹಾಕುವವನು. ತೊಂದರೆ ಏನೆಂದರೆ, ಚನ್ನಪಟ್ಟಣದ ಮಣ್ಣಿನಲ್ಲಿ ರೇಷ್ಮೆ ಬೆಳೆಯುತ್ತದೆ, ರಾಗಿ ಬೆಳೆಯುತ್ತದೆ, ಸುದ್ದಿ ಬೆಳೆಯುವುದಿಲ್ಲ. ಒಂದು ವಾರ "ರೇಷ್ಮೆಗೂಡಿನ ಧಾರಣೆ ಏರಿತು" ಎಂದು ಬರೆಯುತ್ತಿದ್ದ. ಮುಂದಿನ ವಾರ "ತಾಲ್ಲೂಕಿನ ಅಮಲ್ದಾರರು ಹೊಂಗನೂರಿನಲ್ಲಿ ಮೊಕ್ಕಾಂ ಮಾಡಿದರು" ಎಂದು. ಅದರ ಮುಂದಿನ ವಾರ "ಅಮಲ್ದಾರರು ಹಿಂತಿರುಗಿದರು, ಗೂಡಿನ ಧಾರಣೆ ಇಳಿಯಿತು" ಎಂದು. ಎರಡಕ್ಕೂ ಏನೋ ಸಂಬಂಧ ಕಲ್ಪಿಸಿದ್ದಾನೆ ಎಂದು ಅಮಲ್ದಾರರು ಮುನಿಸಿಕೊಂಡದ್ದೇ ಅವನು ಬಾತ್ಮೀದಾರನಾಗಿ ಕಂಡ ದೊಡ್ಡ ವಿಜಯ.

ಆದರೆ ಅವನಿಗೆ ಬೇಕಾಗಿದ್ದ ವಿಜಯ ಬೇರೆಯೇ ಇತ್ತು. ಮದುವೆಯಾಗಿ ವರ್ಷ ಕಳೆದರೂ ಹೆಂಡತಿ ಗಿರಿಜಾಂಬ ಇನ್ನೂ ಕಾನಕಾನಹಳ್ಳಿಯ ತವರುಮನೆಯಲ್ಲೇ ಇದ್ದಳು. ಮಾವ ವೃಷಭೇಂದ್ರಪ್ಪನವರು ಹಳೆಯ ಗರಡಿಯ ಆಳು. ಆ ಸೀಮೆಯಲ್ಲಿ ಎಲ್ಲೇ ಕುಸ್ತಿ ನಡೆಯಲಿ, ಅಖಾಡದ ಮಧ್ಯೆ ನಿಂತು ಸೋಲುಗೆಲುವು ಹೇಳುವವರು ಅವರೇ. ಮಗಳನ್ನು ಕಳಿಸಿಕೊಡಿ ಎಂದು ಯಾರನ್ನು ಕಳಿಸಿದರೂ ಅವರದು ಒಂದೇ ಮಾತು.

"ಹುಡುಗ ಏನ್ ಕೆಲ್ಸ ಮಾಡ್ತಾನೆ? ಊರೋರ್ ಮನೆ ಸುದ್ದೀನ ಇನ್ನೊಂದೂರ್ಗೆ ಹೇಳ್ತಾನೆ. ಆ ಕೆಲ್ಸಾನ ನಮ್ಮೂರಲ್ಲಿ ನೀರ್ ಸೇದೋ ಹೆಂಗಸ್ರು ಬಿಟ್ಟಿ ಮಾಡ್ತಾರೆ. ಒಂದ್ ಗಂಡಸ್ತನದ್ ಕೆಲ್ಸ ಹಿಡೀಲಿ, ಆಮೇಲೆ ಮಡ್ಲಕ್ಕಿ ಕಟ್ಟಿ ಕಳಿಸ್ತೀನಿ."

ಗವಿಸಿದ್ದಯ್ಯ ಗಿರಿಜಾಂಬನನ್ನು ಧಾರೆಯ ದಿನ ನೋಡಿದ್ದು ಬಿಟ್ಟರೆ, ಹಬ್ಬಕ್ಕೆ ಹೋದಾಗ ಒಂದು ಸಲ ಬಾಗಿಲ ಸಂದಿಯಲ್ಲಿ ಕಂಡಿದ್ದ. ಆಗ ಅವಳು, "ಪತ್ರಿಕೇಲಿ ಬರೆಯೋದು ನೀವೇನಾ?" ಎಂದು ಮೆಲ್ಲಗೆ ಕೇಳಿದ್ದಳು. ಆ ಪ್ರಶ್ನೆಯ ಸಂತೋಷಕ್ಕೆ ಅವನಿಗೆ ಒಬ್ಬಟ್ಟು ಕೂಡ ಸೇರಲಿಲ್ಲ. ಅಂದಿನಿಂದ ಅವಳು ಮನೆಗೆ ಬರಬೇಕು ಎಂಬುದೊಂದನ್ನು ಬಿಟ್ಟು ಬೇರೆ ಯೋಚನೆ ಅವನಿಗಿರಲಿಲ್ಲ.

ಅಷ್ಟರಲ್ಲಿ ಸಂಪಾದಕರಿಂದ ಅಪ್ಪಣೆ ಬಂತು. ಚಂದಾದಾರರು ಕೈಬಿಡುತ್ತಿದ್ದಾರೆ, ಗೂಡಿನ ಧಾರಣೆ ಸಾಕು, ವಾರವಾರವೂ ಒಂದೊಂದು ಭಾಗದಂತೆ ಕಾದಂಬರಿ ಬರೆಯಿರಿ ಎಂದು. ಗವಿಸಿದ್ದಯ್ಯ ಅದುವರೆಗೆ ಒಂದು ಕಾದಂಬರಿಯನ್ನೂ ಪೂರ್ತಿ ಓದಿರಲಿಲ್ಲ. ಹಾಗಾಗಿ ಅವನಿಗೆ ಧೈರ್ಯ ಜಾಸ್ತಿ ಇತ್ತು. ಮಾವನವರು ಮೆಚ್ಚುವಂಥ ಒಬ್ಬ ಪೈಲ್ವಾನನನ್ನೇ ನಾಯಕನನ್ನಾಗಿ ಮಾಡೋಣವೆಂದು ನಿಶ್ಚಯಿಸಿ, ಕಣ್ವ ಹೊಳೆಯ ದಡದಲ್ಲಿ ಒಬ್ಬನನ್ನು ನಿಲ್ಲಿಸಿದ. ಅವನಿಗೆ ಬಂಡೆ ಗಂಗಹನುಮಯ್ಯ ಎಂದು ಹೆಸರಿಟ್ಟ. ಎದೆ ಎರಡು ಮೊಳ, ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲುತ್ತದೆ, ಒಂದು ಹೊತ್ತಿಗೆ ಹತ್ತು ಮುದ್ದೆ ತಿನ್ನುತ್ತಾನೆ, ಹೊಳೆಯಲ್ಲಿ ಹೂತುಹೋದ ಬೆಲ್ಲದ ಗಾಡಿಯನ್ನು ಎತ್ತು ಬಿಚ್ಚದೆ ದಡಕ್ಕೆ ಎತ್ತಿಡುತ್ತಾನೆ. ಬರೆದು ಮುಗಿಸಿದಾಗ ಗವಿಸಿದ್ದಯ್ಯನಿಗೇ ಮೈ ಜುಮ್ಮೆಂದಿತು. ಬರೆದವನ ತೋಳು ಮಾತ್ರ ಮೊದಲಿನಂತೆಯೇ ನುಗ್ಗೆಕಾಯಿಯಷ್ಟು ದಪ್ಪವಿತ್ತು.

ಮುಂದೆ ಆದ ಅನಾಹುತಕ್ಕೆ ಕಾರಣ ಆ ಊರಿನಲ್ಲಿ ಪತ್ರಿಕೆ ಓದುತ್ತಿದ್ದ ಪದ್ಧತಿ. ಪತ್ರಿಕೆ ಊರಿಗೆ ಬರುತ್ತಿದ್ದದ್ದು ಒಂದೇ ಒಂದು. ಅದು ರೈಲಿನಿಂದ ಇಳಿದು ನೆಟ್ಟಗೆ ಗಫಾರ್ ಸಾಬರ ಬೊಂಬೆ ಅಂಗಡಿಗೆ ಹೋಗುತ್ತಿತ್ತು. ಗಫಾರ್ ಸಾಬರು ಮರ ಕಡೆದು ಅರಗಿನ ಬಣ್ಣ ಹಿಡಿಸುತ್ತ ಕೂತಿದ್ದರೆ, ಜಗಲಿಯ ಮೇಲೆ ನಿವೃತ್ತ ಉಪಾಧ್ಯಾಯರಾದ ಲಕ್ಷ್ಮಯ್ಯ ಮೇಷ್ಟ್ರು ಗಟ್ಟಿಯಾಗಿ ಓದುತ್ತಿದ್ದರು, ಬೀದಿಯೆಲ್ಲ ಕೇಳುತ್ತಿತ್ತು. ಮೇಷ್ಟ್ರು ತಲೆಬರಹಗಳನ್ನು ಓದುತ್ತಿರಲಿಲ್ಲ. ಕೆಳಗೆ ಹೇಗೂ ವಿಷಯ ಇದೆಯಲ್ಲ, ತಲೆಬರಹ ಓದುವುದು ಉಸಿರಿಗೆ ದಂಡ ಎಂಬುದು ಅವರ ಸಿದ್ಧಾಂತ. ಗೂಡಿನ ಧಾರಣೆ, ಮಹಾರಾಜರ ಸವಾರಿ, ತಲೆನೋವಿನ ತೈಲದ ಜಾಹೀರಾತು, ಎಲ್ಲವನ್ನೂ ಒಂದೇ ರಾಗದಲ್ಲಿ ಓದಿಕೊಂಡು ಹೋಗುತ್ತಿದ್ದರು. ಪ್ರೆಸ್ಸಿನವರು ಕಾದಂಬರಿಯನ್ನು ಚನ್ನಪಟ್ಟಣದ ಬಾತ್ಮಿಯ ಜಾಗದಲ್ಲೇ ಕೂರಿಸಿದ್ದರು. ಮೇಷ್ಟ್ರು "ಕಾದಂಬರಿ" ಎಂಬ ಮೇಲಿನ ಸಾಲನ್ನು ಹಾರಿಸಿ, "ನಮ್ಮ ಚನ್ನಪಟ್ಟಣದ ಬಂಡೆ ಗಂಗಹನುಮಯ್ಯನು ಮೊನ್ನೆ ಕಣ್ವ ಹೊಳೆಯಲ್ಲಿ" ಎಂದು ಶುರುಮಾಡಿದರು.

ಬೀದಿಯವರೆಲ್ಲ ಜಗಲಿಯ ಹತ್ತಿರ ಸರಿದರು.

"ಯಾರ್ಲಾ ಅವ್ನು?" ಎಂದು ಒಬ್ಬ ಕೇಳಿದ.

"ನಮ್ಮೂರೋನೇ ಅಂತೆ! ಪತ್ರಿಕೇಲೇ ಬಂದೈತೆ."

ಗವಿಸಿದ್ದಯ್ಯ ಅಲ್ಲೇ ಕಂಬಕ್ಕೆ ಒರಗಿ, ಹೊಗಳಿಕೆ ಬೀಳುವುದನ್ನು ಕಾಯುತ್ತಿದ್ದ. "ಅಲ್ಲ, ಅದು ಕತೆ" ಎಂದು ಹೇಳಲು ಬಾಯಿ ತೆರೆದದ್ದು ನಿಜ. ಅದಕ್ಕೂ ಮೊದಲೇ ಹಾಲು ಮಾರುವ ಮಾರಮ್ಮ ಚೊಂಬನ್ನು ಸೊಂಟಕ್ಕೆ ಏರಿಸಿಕೊಂಡು ಮುಂದೆ ಬಂದಳು.

"ಅಯ್ಯೋ, ಗಂಗಹನುಮಯ್ಯನ್ನ ಗೊತ್ತಿಲ್ವಾ ನಿಮ್ಗೆ? ನನ್ ಎಮ್ಮೆ ಹಾಲೇ ಕುಡ್ಯಾದು ಅವ್ನು! ಚೊಂಬ್ ಎತ್ತಿದ್ರೆ ಇಳ್ಸಾಕಿಲ್ಲ. ನೀರ್ ಬೆರ್ಸಿದ್ರೆ ವಾಸ್ನೇಲೇ ಕಂಡ್ಹಿಡಿತಾನೆ, ಅದ್ಕೇ ಅವ್ನಿಗ್ ಬೆರ್ಸಾಕಿಲ್ಲ."

ಉಳಿದವರ ಹಾಲಿನ ವಿಚಾರ ಹೀಗೆ ಬಯಲಾದರೂ ಯಾರ ಗಮನವೂ ಅತ್ತ ಹೋಗಲಿಲ್ಲ. ಮಾರಮ್ಮ ಕಂಡವನನ್ನು ತಾವು ಕಂಡಿಲ್ಲ ಎಂದು ಒಪ್ಪಿಕೊಳ್ಳಲು ಯಾರು ತಯಾರು? ಒಬ್ಬ ಅವನನ್ನು ಸಂತೆಯಲ್ಲಿ ಕಂಡಿದ್ದ, ಇನ್ನೊಬ್ಬ ಅವನ ಜೊತೆ ಬೀಡಿ ಸೇದಿದ್ದ. ಅವನು ಬೀಡಿ ಸೇದುವವನೇ ಅಲ್ಲ ಎಂದು ಮೂರನೆಯವನು ಜಗಳ ತೆಗೆದ. ಗಫಾರ್ ಸಾಬರು ಮಾತ್ರ ಕೆಲಸದವರು, ಕೆಲಸದ ಮಾತೇ ಕೇಳಿದರು.

"ಗವಿಸಿದ್ದಯ್ಯ ಭಾಯ್, ಮೀಸೆ ಮೇಲಕ್ಕೈತೋ ಕೆಳಕ್ಕೈತೋ? ಒಂದ್ ಬೊಂಬೆ ಮಾಡ್ತೀನಿ. ಬೆಂಗ್ಳೂರ್ ಗಾಡಿ ನಿಂತಾಗ ಮಾರ್ಬೋದು."

ಗವಿಸಿದ್ದಯ್ಯ ತೆರೆದ ಬಾಯನ್ನು ಮುಚ್ಚಿ, "ಮೇಲಕ್ಕೆ" ಎಂದ. ಅವನು ಹೇಳಿದ ಮೊದಲ ಸುಳ್ಳು ಅದೇ. ಒಂದೇ ಮಾತಿನದಾದ್ದರಿಂದ ಸುಳ್ಳು ಎಂದು ಅವನಿಗೆ ಅನಿಸಲಿಲ್ಲ.

ಮುಂದಿನ ಭಾಗದಲ್ಲಿ ಉಮೇದು ಹೆಚ್ಚಾಗಿ, ಪಕ್ಕದೂರು ಕ್ಲೋಸ್‌ಪೇಟೆಯ ಬೆಟ್ಟದ ಕೆಳಗೆ ಗಂಗಹನುಮಯ್ಯನ ಕೈಯಲ್ಲಿ ಒಂದು ಚಿರತೆಯನ್ನು ಕೊಲ್ಲಿಸಿದ. ಪತ್ರಿಕೆ ಬಂದ ಮಾರನೆಯ ದಿನವೇ ಕಚೇರಿಯ ಜವಾನ ಬಂದು ಅವನನ್ನು ಕರೆದೊಯ್ದ. ಅಮಲ್ದಾರರು ಕನ್ನಡಕ ಒರೆಸಿಕೊಂಡು ಕೇಳಿದರು.

"ಏನ್ರೀ ಬಾತ್ಮೀದಾರರೇ, ಚಿರತೆ ಕೊಂದವರು ಚರ್ಮವನ್ನು ಸರ್ಕಾರಕ್ಕೆ ಒಪ್ಪಿಸಬೇಕು ಎಂಬುದು ಗೊತ್ತಿಲ್ಲವೇ? ನಿಮ್ಮ ಪೈಲ್ವಾನರು ಎಲ್ಲಿ? ಚರ್ಮ ಎಲ್ಲಿ?"

ಅದು ಕಟ್ಟುಕತೆ ಎಂದರೆ, ಇಷ್ಟು ದಿನ ಬರೆದ ಗೂಡಿನ ಧಾರಣೆಯೂ ಕಟ್ಟುಕತೆಯೇ ಎಂದು ಅವರು ಕೇಳಬಹುದು. ಗವಿಸಿದ್ದಯ್ಯ ಕೈ ಮುಗಿದು, "ಮುಂದಿನ ವಾರ ತಿಳಿಸ್ತೀನಿ ಸ್ವಾಮಿ" ಎಂದ. ಮುಂದಿನ ವಾರ, ಸತ್ತಿತೆಂದುಕೊಂಡಿದ್ದ ಚಿರತೆ ಮೂರ್ಛೆಯಿಂದ ಎದ್ದು, ಪೈಲ್ವಾನನಿಗೆ ತಲೆಬಾಗಿ ಕಾಡಿಗೆ ಹೋಯಿತು. ಅಮಲ್ದಾರರು ಸಮಾಧಾನಗೊಂಡು ಕಡತ ಮುಚ್ಚಿದರು. ಯಾವ ತೊಂದರೆ ಬಂದರೂ ಮುಂದಿನ ವಾರದ ಭಾಗದಲ್ಲಿ ಸರಿಮಾಡಬಹುದು ಎಂಬ ದೊಡ್ಡ ಧೈರ್ಯ ಗವಿಸಿದ್ದಯ್ಯನಿಗೆ ಬಂದದ್ದು ಆವತ್ತಿನಿಂದ. ಸಂಪಾದಕರಂತೂ ಕುಣಿದಾಡಿ, 'ಅಖಾಡದ ವಾರ್ತೆ' ಎಂಬ ಬೇರೆಯೇ ಅಂಕಣ ತೆರೆದು ಅದನ್ನೂ ಅವನಿಗೇ ಒಪ್ಪಿಸಿದರು. ಬಾತ್ಮೀದಾರ ಕಾದಂಬರಿಕಾರನಾದ, ಕಾದಂಬರಿಕಾರ ಕ್ರೀಡೆಯ ವರದಿಗಾರನಾದ. ಜಟ್ಟಿಯೇ ಇಲ್ಲದ ಗರಡಿಯ ತಾಲೀಮನ್ನು ವಾರವಾರವೂ ವರದಿ ಮಾಡುವುದು ಸುಲಭದ ಕೆಲಸವಲ್ಲ. ಅವನು ಮಾಡಿದ.

ಒಂದು ದಿನ ಮಧ್ಯಾಹ್ನ ಮನೆಯ ಮುಂದೆ ಕಮಾನುಗಾಡಿ ನಿಂತಿತು. ಇಳಿದವರು ಮಾವ ವೃಷಭೇಂದ್ರಪ್ಪನವರು. ಒಂದು ಕೈಯಲ್ಲಿ ಗಫಾರ್ ಸಾಬರ ಅಂಗಡಿಯ ಮೀಸೆ ಬೊಂಬೆ, ಇನ್ನೊಂದು ಕೈಯಲ್ಲಿ ಬಾಳೆಗೊನೆ. ಅಳಿಯನನ್ನು ಕಂಡವರೇ ತಬ್ಬಿಕೊಂಡರು. ಅಳಿಯನ ಎಲುಬು ಲಟಲಟ ಎಂದಿತು.

"ಅಳಿಯಂದ್ರೇ! ನಾನ್ ನಿಮ್ಮುನ್ನ ಏನೋ ಅಂದ್ಕೊಂಡ್ಬುಟ್ಟಿದ್ದೆ. ಬಂಡೆ ಗಂಗಹನುಮಯ್ಯನಂತೋರ್ ಜತೆ ಓಡಾಡಾ ಗಂಡು ನೀವು! ಆ ಹೊಳೇಲ್ ಗಾಡಿ ಎತ್ತಿದ್ ಓದಿಸ್ಕೊಂಡ್ ಕೇಳ್ದಾಗ ಕಣ್ಣಲ್ ನೀರ್ ಬಂತು ಕಣ್ರೀ."

"ಮಾವ, ಅದೂ..." ಎಂದ ಗವಿಸಿದ್ದಯ್ಯ.

"ಇನ್ನೇನೂ ಹೇಳ್ಬ್ಯಾಡಿ. ಗಿರಿಜನ್ನ ಕಳ್ಸಿಕೊಡ್ತೀನಿ. ಒಂದೇ ಒಂದ್ ಆಸೆ. ಕರ್ಕೊಂಡೋಗಾಕೆ ಬರ್ವಾಗ ಪೈಲ್ವಾನ್ರುನ್ನ ಜತೇಲ್ ಕರ್ಕೊಂಡ್ ಬನ್ನಿ. ಅವ್ರಿಗೆ ತಾಂಬೂಲ ಕೊಟ್ಟು ಮಗಳ್ನ ಕಳಿಸ್ತೀನಿ. ಪೈಲ್ವಾನ್ರು ಬರ್ದೆ ಕಳ್ಸಾಕಿಲ್ಲ. ಇದ್ ನನ್ ಮಾತು."

ವೃಷಭೇಂದ್ರಪ್ಪನವರ ಮಾತು ಎಂದರೆ ಕಾನಕಾನಹಳ್ಳಿಯಲ್ಲಿ ಸರ್ಕಾರದ ಮೊಹರಿನಷ್ಟು ಗಟ್ಟಿ. ಹೆಂಡತಿ ಬರುವಳು ಎಂದು ಗವಿಸಿದ್ದಯ್ಯನಿಗೆ ಆಕಾಶಕ್ಕೆ ಹಾರುವಷ್ಟು ಸಂತೋಷವಾಯಿತು. ಹೇಗೆ ಬರುವಳು ಎಂದು ನೆನೆದಾಗ ಹಾರಿದಷ್ಟೇ ವೇಗದಲ್ಲಿ ಕೆಳಗೆ ಬಿದ್ದ. "ಪೈಲ್ವಾನರು ಬೆಟ್ಟದ ಗವಿಯಲ್ಲಿ ತಾಲೀಮಿಗೆ ಕೂತಿದ್ದಾರೆ ಮಾವ, ವ್ರತ ಮುಗಿಯೋವರೆಗೂ ಯಾರನ್ನೂ ನೋಡೋ ಹಾಗಿಲ್ಲ" ಎಂದು ಒಂದು ವಾಯಿದೆ ಪಡೆದ. ಮಾವನವರು ಭಕ್ತಿಯಿಂದ ಬೆಟ್ಟದ ದಿಕ್ಕಿಗೆ ಕೈ ಮುಗಿದು ಹೋದರು.

ಆ ವಾಯಿದೆ ಕೂಡ ಉಳಿಯಲಿಲ್ಲ. ಬೆಂಗಳೂರಿನಲ್ಲಿ 'ಸತ್ಯಭೇರಿ' ಎಂಬ ಇನ್ನೊಂದು ಪತ್ರಿಕೆ ಇತ್ತು. ದುಂದುಭಿಗೂ ಭೇರಿಗೂ ಹಾವುಮುಂಗುಸಿಯ ಸಂಬಂಧ. ಅದರಲ್ಲಿ ಮಾಗಡಿಯ ಬಾತ್ಮಿಯ ಜಾಗದಲ್ಲಿ ಹೀಗೊಂದು ಪ್ರಕಟವಾಯಿತು: ಚನ್ನಪಟ್ಟಣದ ಬಂಡೆ ಗಂಗಹನುಮಯ್ಯನನ್ನು ನಮ್ಮ ಮಾಗಡಿಯ ಹುಲಿ ಮರಿಯಪ್ಪ ಪೈಲ್ವಾನರು ಒಂದೇ ಪಟ್ಟಿನಲ್ಲಿ ಅಂಗಾತ ಮಾಡುವರು. ಗಂಡಸಾದರೆ ಕ್ಲೋಸ್‌ಪೇಟೆಯ ಅಖಾಡಕ್ಕೆ ಬರಲಿ. ಮರಿಯಪ್ಪನವರು ಬೆಳಿಗ್ಗೆ ಉಪಾಹಾರಕ್ಕೆ ಒಂದು ತಪ್ಪಲೆ ತುಂಬ ಮುದ್ದೆ ತಿನ್ನುವರು, ತೆಂಗಿನಮರವನ್ನು ಅಲ್ಲಾಡಿಸಿ ಕಾಯಿ ಉದುರಿಸುವರು.

ಅಚ್ಚಾದದ್ದನ್ನೆಲ್ಲ ನಂಬಬಾರದು ಎಂಬ ಸತ್ಯ ಇಡೀ ಸೀಮೆಯಲ್ಲಿ ಗೊತ್ತಿದ್ದದ್ದು ಗವಿಸಿದ್ದಯ್ಯನೊಬ್ಬನಿಗೆ. ಅವನೇ ನಂಬಿದ. ಓದುತ್ತಿದ್ದಂತೆ ತೆಂಗಿನಕಾಯಿಗಳು ತನ್ನ ತಲೆಯ ಮೇಲೆಯೇ ಉದುರುತ್ತಿರುವಂತೆ ಅನಿಸಿತು.

ಚನ್ನಪಟ್ಟಣ ಎದ್ದು ನಿಂತಿತು. "ನಮ್ ಗಂಗಹನುಮಯ್ಯಂಗೆ ಸವಾಲಾ? ಬರ್ಲಿ ಆ ಮಾಗ್ಡಿಯೋನು! ಒಸಿ ಮಣ್ಣು ಮುಕ್ಕುಸ್ತೀವಿ!" ಎಂದು ಬೀದಿಯೆಲ್ಲ ತೊಡೆ ತಟ್ಟಿತು. ಗವಿಸಿದ್ದಯ್ಯನನ್ನು ಯಾರೂ ಕೇಳದೆಯೇ ಸವಾಲು ಒಪ್ಪಿಕೊಂಡಾಯಿತು, ದಿನ ನಿಶ್ಚಯವಾಯಿತು, ಡಂಗುರ ಸಾರಿಸಿದ್ದಾಯಿತು. ತೀರ್ಪಿಗೆ ವೃಷಭೇಂದ್ರಪ್ಪನವರಲ್ಲದೆ ಮತ್ತಾರು?

ಗವಿಸಿದ್ದಯ್ಯ ತನ್ನ ಹಳೆಯ ಉಪಾಯಕ್ಕೇ ಕೈಹಾಕಿದ. ಪೈಲ್ವಾನನನ್ನು ಸಾಯಿಸಿಬಿಡುತ್ತೇನೆ ಎಂದು ಬರೆದು ಕೇಳಿದ. ಸಂಪಾದಕರಿಂದ ತಂತಿಯೇ ಬಂತು: "ಸಾಯಕೂಡದು. ಚಂದಾ ಏರುತ್ತಿದೆ." ಹಾಗಾದರೆ ಕಾಯಿಲೆಯಾದರೂ ಮಲಗಿಸೋಣವೆಂದು, ಗಂಗಹನುಮಯ್ಯನಿಗೆ ವಿಪರೀತ ಜ್ವರ, ಕುಸ್ತಿ ಮುಂದಕ್ಕೆ ಹೋಗಬಹುದು ಎಂದು ಬರೆದ. ಆ ಪತ್ರಿಕೆ ಬಂದ ದಿನ ಪ್ಲೇಗಿನ ಇನ್ಸ್‌ಪೆಕ್ಟರು ಸುಣ್ಣದ ಡಬ್ಬ ಹಿಡಿದ ಆಳುಗಳೊಂದಿಗೆ ಬಂದು, "ಜ್ವರ ಬಂದಿರೋ ಮನೆ ಯಾವುದು? ಬೀದಿ ಖಾಲಿ ಮಾಡಿ, ಎಲ್ಲರೂ ಊರಾಚೆ ಶೆಡ್ಡಿಗೆ ನಡೀರಿ" ಎಂದರು. ಮಾರಮ್ಮ ಎಮ್ಮೆಯ ಹಗ್ಗ ಹಿಡಿದು ಬೀದಿಯ ಮಧ್ಯೆ ನಿಂತಳು.

"ಯಾವ್ ಜ್ವರ? ಇವತ್ ಬೆಳಿಗ್ಗೆ ನನ್ ಕೈಯಿಂದ ಹಾಲ್ ಈಸ್ಕೊಂಡ್ ಕುಡ್ದವ್ನೆ! ಬಂಡೆಗ್ ಎಲ್ಲಾನ ಜ್ವರ ಬತ್ತದಾ?"

ಹತ್ತು ಜನ ಪ್ರತ್ಯಕ್ಷಸಾಕ್ಷಿ ಹೇಳಿದರು. ಇನ್ಸ್‌ಪೆಕ್ಟರು ಬರೆದುಕೊಂಡು ಹೋದರು. ಹೀಗೆ ಗಂಗಹನುಮಯ್ಯನು ತನ್ನನ್ನು ಬರೆದವನ ಅಪ್ಪಣೆಯಿಲ್ಲದೆಯೇ ಗುಣವಾದ.

ಕುಸ್ತಿಯ ದಿನ ಬಂದೇ ಬಂತು. ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ರೈಲಿನ ಮೇಲೂ ಜನ, ಒಳಗೂ ಜನ. ಗಫಾರ್ ಸಾಬರು ಬೊಂಬೆಯ ಬುಟ್ಟಿ ಹೊತ್ತಿದ್ದರು. ಪೈಲ್ವಾನರು ಎಲ್ಲಿ ಎಂದು ಕೇಳಿದವರಿಗೆಲ್ಲ ಗವಿಸಿದ್ದಯ್ಯ "ನೆಟ್ಟಗೆ ಬೆಟ್ಟದಿಂದಲೇ ಇಳಿದು ಬರ್ತಾರೆ" ಎಂದ. ಕ್ಲೋಸ್‌ಪೇಟೆಯಲ್ಲಿ ಅರ್ಕಾವತಿಯ ಪಕ್ಕದ ಬಯಲಿನಲ್ಲಿ ಕೆಮ್ಮಣ್ಣು ಹದಮಾಡಿ ಅಖಾಡ ಕಟ್ಟಿದ್ದರು. ಮಾಗಡಿಯಿಂದ ಗಾಡಿಗಟ್ಟಲೆ ಜನ ಬಂದಿದ್ದರು. ವೃಷಭೇಂದ್ರಪ್ಪನವರು ಅಖಾಡಕ್ಕೆ ಪೂಜೆ ಮಾಡಿ, ನಿಂಬೆಹಣ್ಣು ಕತ್ತರಿಸಿ, ಹಣೆಗೆ ಆ ಮಣ್ಣು ಇಟ್ಟುಕೊಂಡು ನಿಂತಿದ್ದರು. ದೂರದಲ್ಲಿ ಸಾಲಾಗಿ ನಿಲ್ಲಿಸಿದ್ದ ಕಮಾನುಗಾಡಿಗಳಲ್ಲಿ ಹೆಂಗಸರು. ಒಂದು ಗಾಡಿಯ ಪರದೆ ಸರಿಸಿ ಗಿರಿಜಾಂಬ ಇಣುಕಿದ್ದು ಅವನಿಗೆ ಕಂಡಿತು. ಅವಳ ಪಕ್ಕದಲ್ಲಿ ಮಡಿಲಕ್ಕಿಯ ಗಂಟೂ ಕಂಡಿತು. ಎಲ್ಲ ಸಿದ್ಧಮಾಡಿಕೊಂಡೇ ಬಂದಿದ್ದಾರೆ!

ಉಳಿದಿದ್ದ ದಾರಿ ಒಂದೇ. ಹುಲಿ ಮರಿಯಪ್ಪನ ಕಾಲಿಗೆ ಬಿದ್ದು, ಇದ್ದದ್ದನ್ನು ಇದ್ದಹಾಗೆ ಹೇಳಿ, ಹೇಗಾದರೂ ಕುಸ್ತಿ ನಿಲ್ಲಿಸಿ ಎಂದು ಬೇಡುವುದು. ಮಾಗಡಿಯವರ ಡೇರೆಯ ಹಿಂಬದಿಯಿಂದ ನುಸುಳಿದ. ಒಳಗೆ ಕತ್ತಲು. ಯಾರೋ ನಿಂತಂತೆ ಕಂಡಿತು. ಮೇಲೆ ನೋಡುವ ಧೈರ್ಯ ಸಾಲದೆ, "ಪೈಲ್ವಾನ್ರೇ, ಕಾಪಾಡಿ!" ಎಂದು ಕಣ್ಣು ಮುಚ್ಚಿ ಅಡ್ಡಬಿದ್ದ. ಅದೇ ಗಳಿಗೆಗೆ ಎದುರಿನಿಂದಲೂ "ಪೈಲ್ವಾನ್ರೇ, ಕಾಪಾಡಿ!" ಎಂಬ ಕೂಗು ಕೇಳಿತು. ಎರಡು ತಲೆಗಳು ಢಣ್ಣನೆ ಬಡಿದವು.

ಗವಿಸಿದ್ದಯ್ಯ ಹಣೆ ಹಿಡಿದುಕೊಂಡು ನೋಡಿದ. ಎದುರಿಗೆ ಒಬ್ಬ ಬಡಕಲು ಮನುಷ್ಯ ಕೂತು ತನ್ನ ಹಣೆ ಹಿಡಿದುಕೊಂಡಿದ್ದ. ಕಿವಿಯ ಮೇಲೆ ಪೆನ್ಸಿಲ್ಲು, ಬೆರಳಲ್ಲಿ ಮಸಿ.

"ನೀವು ಬಂಡೆ ಗಂಗಹನುಮಯ್ಯ ಅಲ್ವಾ?" ಎಂದು ಆ ಮನುಷ್ಯ ಕೇಳಿದ.

"ನನ್ನ ನೋಡಿದ್ರೆ ಹಂಗ್ ಕಾಣ್ತದಾ? ನಾನು ಗವಿಸಿದ್ದಯ್ಯ, ಪ್ರಜಾದುಂದುಭಿ ಬಾತ್ಮೀದಾರ. ಹುಲಿ ಮರಿಯಪ್ಪ ಎಲ್ಲವ್ರೆ?"

ಬಡಕಲು ಮನುಷ್ಯನ ಕಣ್ಣಿನಲ್ಲಿ ನೀರು ಬಂತು. "ಮರಿಯಪ್ಪನೂ ಇಲ್ಲ, ಹುಲಿನೂ ಇಲ್ಲ ಸ್ವಾಮಿ. ನಾನು ಚನ್ನಬಸವಯ್ಯ, ಸತ್ಯಭೇರಿ ಮಾಗಡಿ ಬಾತ್ಮೀದಾರ. ನಿಮ್ ಪೈಲ್ವಾನ್ ಬಂದ್ಮೇಲೆ ನಮ್ ಪತ್ರಿಕೆ ಯಾರೂ ಕೇಳೋರೇ ಇರ್ಲಿಲ್ಲ. ನೀನೂ ಒಬ್ಬನ್ನ ತತ್ತಾ ಅಂದ್ರು ಸಂಪಾದಕ್ರು. ಎಲ್ಲಿಂದ ತರ್ಲಿ? ಬರ್ದೆ."

"ಮತ್ತೆ ಆ ತಪ್ಪಲೆ ಮುದ್ದೆ?"

"ಅದೂ ಬರ್ದೆ. ನಂಗ್ ಅರ್ಧ ಮುದ್ದೆ ಸೇರಾಕಿಲ್ಲ."

ಗವಿಸಿದ್ದಯ್ಯ ಅವನನ್ನು ಒಮ್ಮೆ ನೋಡಿದ. ಲೋಕದಲ್ಲಿ ತನ್ನಂಥವನು ಇನ್ನೊಬ್ಬನಿದ್ದಾನೆ ಎಂದು ತಿಳಿದಾಗ ಆಗುವ ಆನಂದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಇಬ್ಬರೂ ತಬ್ಬಿಕೊಂಡು ಅತ್ತರು, ನಕ್ಕರು. ಆ ಉಪಮೆ ಚೆನ್ನಾಗಿತ್ತು, ಈ ವರ್ಣನೆ ಚೆನ್ನಾಗಿತ್ತು ಎಂದು ಪರಸ್ಪರ ಕೊಂಡಾಡುವುದಕ್ಕೂ ಶುರುಮಾಡಿದ್ದರು. ಅಷ್ಟರಲ್ಲಿ ಡೇರೆಯ ಪರದೆ ಸರಿಯಿತು. ವೃಷಭೇಂದ್ರಪ್ಪನವರು ನಿಂತಿದ್ದರು. ಅವರು ಎಷ್ಟು ಹೊತ್ತಿನಿಂದ ಅಲ್ಲಿದ್ದರೋ, ಅವರ ಮುಖ ನೋಡಿದರೆ ಮೊದಲಿನಿಂದಲೂ ಇದ್ದರೆಂದೇ ಹೇಳಬೇಕು.

"ಮಾವ," ಎಂದ ಗವಿಸಿದ್ದಯ್ಯ, "ಗಂಗಹನುಮಯ್ಯ ಇಲ್ಲ. ಇರಲೇ ಇಲ್ಲ. ನಿಮಗೆ ಮೆಚ್ಚಿಗೆಯಾಗಲಿ, ಗಿರಿಜ ಮನೆಗೆ ಬರಲಿ ಅಂತ ನಾನೇ ಬರೆದೆ. ತಪ್ಪಾಯ್ತು."

ಹೊರಗೆ ಜನ "ಪೈಲ್ವಾನ್ರು ಬರ್ಲಿ!" ಎಂದು ಅಬ್ಬರಿಸುತ್ತಿದ್ದರು. ವೃಷಭೇಂದ್ರಪ್ಪನವರು ಹೆಗಲ ವಸ್ತ್ರ ಕೊಡವಿದರು.

"ಪೂಜೆ ಆದ್ ಅಖಾಡನ ಕುಸ್ತಿ ಆಡ್ದೆ ಹಂಗೇ ಬುಡಾ ಪದ್ಧತಿ ನಮ್ ಗರಡೀಲ್ ಇಲ್ಲ. ಮಣ್ಣಿಗ್ ಬೆನ್ ತಾಗ್ಲೇಬೇಕು. ಬರ್ದೋರ್ ನೀವು, ಆಡಾರೂ ನೀವೇ. ಕಟ್ರಲಾ ಲಂಗೋಟಿ!"

ಅಳಿಯಂದ್ರು ಎಂಬ ಮರ್ಯಾದೆ ಆ ಕ್ಷಣಕ್ಕೆ ಡೇರೆಯಲ್ಲೇ ಉಳಿಯಿತು.

ಇಬ್ಬರು ಬಾತ್ಮೀದಾರರು ಅಖಾಡಕ್ಕೆ ಇಳಿದರು. ಚನ್ನಬಸವಯ್ಯನ ಕಿವಿಯ ಮೇಲಿನ ಪೆನ್ಸಿಲ್ಲು ಹಾಗೇ ಇತ್ತು. ಗವಿಸಿದ್ದಯ್ಯ ತೊಡೆ ತಟ್ಟಿದ. ಸದ್ದು ಬರಲಿಲ್ಲ, ನೋವಾಯಿತು. ಜನ ಏನೆಂದು ತಿಳಿಯದೆ ಲಕ್ಷ್ಮಯ್ಯ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರಿಗೆ ಗೊತ್ತಿಲ್ಲದ್ದು ಎಂಬುದಿಲ್ಲ.

"ಗಾಬರಿಯಾಗಬೇಡಿ. ದೊಡ್ಡ ಕುಸ್ತಿಗೆ ಮೊದಲು ಹಾಸ್ಯದ ಕುಸ್ತಿ ಒಂದಿರುತ್ತೆ," ಎಂದರು.

ಅಲ್ಲಿಗೆ ನಗು ಕಟ್ಟೆಯೊಡೆಯಿತು. ಗವಿಸಿದ್ದಯ್ಯ ಚನ್ನಬಸವಯ್ಯನ ಕೈ ಹಿಡಿಯಲು ಹೋಗಿ ತನ್ನ ಕಾಲಿಗೇ ತೊಡರಿದ. ಚನ್ನಬಸವಯ್ಯ ಅವನನ್ನು ಎತ್ತಲು ಬಾಗಿದವನು ಅಲ್ಲೇ ಸೊಂಟ ಹಿಡಿದು ನಿಂತ. ಒಬ್ಬ ಬಿದ್ದರೆ ಇನ್ನೊಬ್ಬ "ಪೆಟ್ಟಾಯ್ತಾ ಸ್ವಾಮಿ?" ಎಂದು ಕೇಳುತ್ತಿದ್ದ. ತಾನು ಬರೆದಿದ್ದ ಪಟ್ಟುಗಳನ್ನೆಲ್ಲ ಗವಿಸಿದ್ದಯ್ಯ ನೆನಪು ಮಾಡಿಕೊಂಡ. ಅವುಗಳಲ್ಲಿ ಒಂದೂ, ಎರಡು ಕೈ ಎರಡು ಕಾಲು ಇರುವವರು ಹಾಕಬಹುದಾದ ಪಟ್ಟಾಗಿರಲಿಲ್ಲ. ಚನ್ನಪಟ್ಟಣದವರೂ ಮಾಗಡಿಯವರೂ ಒಬ್ಬರ ಹೆಗಲ ಮೇಲೆ ಒಬ್ಬರು ಒರಗಿ ನಕ್ಕರು. ನೋಡಲು ಬಂದಿದ್ದ ಅಮಲ್ದಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಡೆಗೆ ಇಬ್ಬರಿಗೂ ಉಸಿರು ಮುಗಿದು, ಕೈ ಕೈ ಹಿಡಿದುಕೊಂಡೇ ಒಟ್ಟಿಗೆ ಹಿಂದಕ್ಕೆ ಉರುಳಿ, ಅಕ್ಕಪಕ್ಕದಲ್ಲಿ ಅಂಗಾತ ಮಲಗಿ ಆಕಾಶ ನೋಡಿದರು.

ವೃಷಭೇಂದ್ರಪ್ಪನವರು ತೀರ್ಪು ಹೇಳಲು ಕೈ ಎತ್ತಿದರು. ಎತ್ತಿದ ಕೈ ಅಲ್ಲಾಡಿತು, ಹೊಟ್ಟೆ ಅಲ್ಲಾಡಿತು, ಮೀಸೆ ಅಲ್ಲಾಡಿತು. ಅವರು ಅಖಾಡದ ಅಂಚಿನಲ್ಲಿ ಕೂತೇಬಿಟ್ಟು ನಕ್ಕರು. "ಇಷ್ಟ್ ವರ್ಸ ಕುಸ್ತಿ ನೋಡಿವ್ನಿ, ಸೋತೋರಿಬ್ರೂ ಗೆದ್ದಂಗ್ ಮಲ್ಗಿರಾದ್ ಇವತ್ತೇ ಕಂಡಿದ್ದು!"

ನಗು ನಿಂತ ಮೇಲೆ ಮುಖ ಗಂಭೀರವಾಯಿತು. "ಕುಸ್ತಿ ಆಯ್ತು. ಆದ್ರೆ ಮಾತ್ ಮಾತೇ. ಪೈಲ್ವಾನ್ರು ಬರ್ದೆ ಮಗಳ್ನ ಕಳ್ಸಾಕಿಲ್ಲ ಅಂದಿದ್ದೆ. ಪೈಲ್ವಾನ್ ಎಲ್ಲವ್ನೆ?"

ಗವಿಸಿದ್ದಯ್ಯನಿಗೆ ಏಳಬೇಕು ಎಂದೇ ಅನಿಸಲಿಲ್ಲ. ಸೋತದ್ದಕ್ಕೆ ಅವನು ಅಳಲಿಲ್ಲ, ಜನ ನಕ್ಕದ್ದಕ್ಕೂ ಅಳಲಿಲ್ಲ. ಈಗ ಮಾತ್ರ ಕಣ್ಣು ತುಂಬಿತು. ಆಗ ಜನ ಎರಡಾಗಿ ದಾರಿ ಬಿಟ್ಟರು. ಗಿರಿಜಾಂಬ ಸೆರಗು ಬಿಗಿದುಕೊಂಡು ಗಾಡಿಯಿಂದ ಇಳಿದು ಬಂದಿದ್ದಳು, ಕೈಯಲ್ಲಿ ತಾಂಬೂಲದ ತಟ್ಟೆ.

"ಅಪ್ಪಯ್ಯ, ಪೂಜೆ ಆದ್ ಅಖಾಡದ್ ಮಣ್ಣು ಯಾರ್ ಮೈಗ್ ಮೆತ್ಕೊಂಡೈತೆ?"

"ಇವ್ರಿಬ್ರಿಗೆ," ಎಂದರು ವೃಷಭೇಂದ್ರಪ್ಪನವರು.

"ಪೈಲ್ವಾನ್ ಅಲ್ದೋನ್ನ ನೀವ್ ಇಳಿಯಾಕೆ ಬುಡ್ತೀರಾ? ನಿಮ್ ಕೈಯಾರೆ ಇಳಿಸ್ದೋರು ಪೈಲ್ವಾನ್ರಲ್ಲ ಅಂದ್ರೆ, ಪೂಜೆ ಕೆಟ್ಟಂಗಾಯ್ತು. ಪೈಲ್ವಾನ್ರೇ ಅಂದ್ರೆ, ಪೈಲ್ವಾನ್ರು ಬಂದಂಗಾಯ್ತು. ಯಾವ್ದು ಅಂತ ನೀವೇ ತೀರ್ಪ್ ಹೇಳಿ."

ಹತ್ತೂರಿನ ಜನರ ಮುಂದೆ ತೀರ್ಪು ಹೇಳಿ ರೂಢಿಯಿದ್ದ ವೃಷಭೇಂದ್ರಪ್ಪನವರು ಮೊದಲ ಬಾರಿಗೆ ತಬ್ಬಿಬ್ಬಾದರು. ಮಗಳನ್ನು ನೋಡಿದರು, ಮಣ್ಣಿನಲ್ಲಿ ಮಲಗಿದ್ದ ಅಳಿಯನನ್ನು ನೋಡಿದರು. ಕೊನೆಗೆ ಬಾಗಿ ಅಳಿಯನ ರಟ್ಟೆ ಹಿಡಿದು ಎಬ್ಬಿಸಿದರು.

"ಎದ್ದೇಳಿ ಪೈಲ್ವಾನ್ರೇ. ತಾಂಬೂಲ ತಗೊಳ್ಳಿ."

ಜನರ ರುಮಾಲುಗಳು ಮೇಲಕ್ಕೆ ಹಾರಿದವು. ಗವಿಸಿದ್ದಯ್ಯ ಲಂಗೋಟಿಯಲ್ಲೇ ತಾಂಬೂಲ ತೆಗೆದುಕೊಂಡ. ಗಿರಿಜಾಂಬ ತಲೆ ಬಗ್ಗಿಸಿಕೊಂಡು, ಅವನಿಗಷ್ಟೇ ಕೇಳುವಂತೆ, "ಮೊದ್ಲು ಮೈ ತೊಳ್ಕೊಳ್ಳಿ, ರೈಲಿಗ್ ಹೊತ್ತಾಯ್ತು" ಎಂದಳು.

ಆ ವಾರ ಗವಿಸಿದ್ದಯ್ಯ ತನ್ನ ಜೀವಮಾನದಲ್ಲೇ ಮೊದಲ ಬಾರಿಗೆ ಒಂದು ಕುಸ್ತಿಯನ್ನು ನಡೆದದ್ದು ನಡೆದಂತೆ ವರದಿ ಮಾಡಿದ. ಗಂಗಹನುಮಯ್ಯನ ಹುಟ್ಟು, ಡೇರೆ, ಢಣ್ಣೆಂದ ತಲೆಗಳು, ಒಂದನ್ನೂ ಬಿಡಲಿಲ್ಲ. ಲಕ್ಷ್ಮಯ್ಯ ಮೇಷ್ಟ್ರು ಗಫಾರ್ ಸಾಬರ ಜಗಲಿಯ ಮೇಲೆ ಅದನ್ನು ಓದುತ್ತ ಹೋದಂತೆ ಬೀದಿಯ ಮುಖ ಗಂಟುಗಂಟಾಯಿತು.

"ಇದ್ಯಾಕೋ ಬರೀ ಕಟ್ಟುಕತೆ," ಎಂದ ಒಬ್ಬ. "ಪತ್ರಿಕೆಯೋರು ಲಂಗೋಟಿ ಕಟ್ಕೊಂಡು ಕುಸ್ತಿ ಆಡ್ತಾರಾ?"

"ನೀನೂ ಅಲ್ಲೇ ಇದ್ಯಲ್ಲಪ್ಪ!" ಎಂದ ಗವಿಸಿದ್ದಯ್ಯ.

"ಇದ್ದೆ ಕಣಯ್ಯ. ಅದ್ ಮೊದ್ಲಿನ್ ತಮಾಸೆ. ಆಮೇಲೆ ಬೆಟ್ಟ ಇಳ್ದು ಗಂಗಹನುಮಯ್ಯ ಬರ್ನಿಲ್ವಾ? ಆ ಹುಲಿ ಮರಿಯಪ್ಪನ್ನ ಎತ್ತಿ ಅರ್ಕಾವತಿಗ್ ಎಸೀನಿಲ್ವಾ? ನೀನ್ ಹೆಂಡ್ತಿ ಕರ್ಕೊಂಡ್ ರೈಲ್ ಹತ್ಬುಟ್ಟೆ, ನಿಂಗೇನ್ ಗೊತ್ತು?"

ಎಸೆದದ್ದನ್ನು ಕಂಡವರು ಬೀದಿಯ ತುಂಬ ಸಿಕ್ಕರು. ಮಾಗಡಿಯಲ್ಲಿ ಎಸೆದವನು ಮರಿಯಪ್ಪನಂತೆ, ಅಲ್ಲಿಯೂ ಸಾಕ್ಷಿಗಳಿಗೆ ಬರವಿರಲಿಲ್ಲವೆಂದು ಚನ್ನಬಸವಯ್ಯ ಕಾಗದ ಬರೆದ. ಸಂಪಾದಕರದೂ ಬಂತು: "ನೀವು ಬರೆದದ್ದು ನಿಜವೇ ಇರಬಹುದು. ಆದರೆ ಓದುಗರು ಯಾರೂ ನಂಬುತ್ತಿಲ್ಲ. ದಯವಿಟ್ಟು ಮೊದಲಿನಂತೆ ನಂಬುವ ಹಾಗೆ ಬರೆಯಿರಿ."

ಗವಿಸಿದ್ದಯ್ಯ ಅಡಿಗೆಮನೆಯ ಬಾಗಿಲಲ್ಲಿ ತಲೆ ಹಿಡಿದು ಕೂತ. ಗಿರಿಜಾಂಬ ಮುದ್ದೆ ಕಟ್ಟುತ್ತ ನಕ್ಕಳು.

"ನಂಗೆ ಮೊದ್ಲೇ ಗೊತ್ತಿತ್ತು ಕಣ್ರೀ, ಅಂಥೋನೊಬ್ಬ ಇಲ್ಲ ಅಂತ."

"ಹೆಂಗೆ?"

"ಅಷ್ಟ್ ತಿಂತಾನೆ ಅಂತ ಬರೆದ್ರಿ, ಬೇಯ್ಸಿ ಹಾಕೋರ್ ಯಾರು ಅಂತ ಒಂದಿನಾನೂ ಬರೀಲಿಲ್ಲ. ಹೆಂಡ್ತಿ ಇಲ್ದೋರ್ ಬರ್ದಿರೋದು ಅಂತ ಗೊತ್ತಾಯ್ತು. ಈ ವಾರ ಅವ್ನಿಗ್ ಒಂದ್ ಮದ್ವೆ ಮಾಡ್ಸಿ. ಹುಡ್ಗಿ ಒಸಿ ಜೋರಾಗಿರ್ಲಿ."

ಗವಿಸಿದ್ದಯ್ಯ ಮುದ್ದೆ ಉಂಡು, ಕೈ ತೊಳೆದು, ಬಂಡೆ ಗಂಗಹನುಮಯ್ಯನಿಗೆ ಊರೆಲ್ಲ ಕರೆದು ಭರ್ಜರಿಯಾಗಿ ಮದುವೆ ಮಾಡಿಸಿದ. ಪತ್ರಿಕೆ ಬಂದ ಮಾರನೆಯ ಬೆಳಿಗ್ಗೆ ಹಾಲು ಹಾಕಲು ಬಂದ ಮಾರಮ್ಮ ಹೊಸಿಲ ಮೇಲೆ ಕೂತು, ಎಲ್ಲ ಚೆನ್ನಾಗಿತ್ತು, ಆದರೆ ಮದುವೆಯ ಪಾಯಸಕ್ಕೆ ಬೆಲ್ಲ ಸಾಲದಾಗಿತ್ತು ಎಂದು ಗಿರಿಜಾಂಬನ ಹತ್ತಿರ ದೂರು ಹೇಳಿ ಹೋದಳು.